ಎಂಬತ್ತನಾಲ್ಕನೇ ನಂಬರಿನಲ್ಲಿ ಎರಡು ಸಂಸಾರ

ಸಂಡಿಗೆ ಕದಿಯುವವರು ಯಾರೆಂದು ನನಗೆ ಗೊತ್ತಿತ್ತು. ಸಾಕ್ಷಿ ಮಾತ್ರ ಇರಲಿಲ್ಲ. ಸೊಸೆಯ ಅಂಗಡಿಯ ಇಂಟರ್ನೆಟ್ಟಿಗೆ ನಾನು ಕೈ ಹಾಕಿದ್ದು ಆ ಸಾಕ್ಷಿಗಾಗಿಯೇ ಹೊರತು ಬೇರೆ ಯಾವ ದುರುದ್ದೇಶದಿಂದಲೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮವರಿಗೆ ರಕ್ತದೊತ್ತಡ. ಉಪ್ಪು ಮುಟ್ಟಬೇಡಿ ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿ ಎರಡು ವರ್ಷವಾಯಿತು. ನನ್ನ ಬೂದುಗುಂಬಳದ ಸಂಡಿಗೆಯಲ್ಲಿ ಉಪ್ಪು ಸ್ವಲ್ಪ ಮುಂದೆಯೇ ಇರುತ್ತದೆ. ಕಾಫಿ ಕೊಯ್ಲು ಮುಗಿಯುತ್ತ ಬಂದು ಮನೆ ಹಿಂದಿನ ಕಣದ ಒಂದು ಮೂಲೆ ಖಾಲಿಯಾದ ಕೂಡಲೇ ಅಲ್ಲಿ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತೇನೆ. ನಾಲ್ಕು ಸಾಲು, ಸಾಲಿಗೆ ಹನ್ನೆರಡು. ಸಂಜೆ ಎತ್ತುವಾಗ ನೋಡಿದರೆ ಏಳೋ ಎಂಟೋ ಕಡಿಮೆ. ಕೇಳಿದರೆ ನಮ್ಮವರು ಕಣ್ಣು ಮಿಟುಕಿಸದೆ "ಮಂಗ" ಎನ್ನುತ್ತಾರೆ.

ನಮ್ಮ ಕಡೆಯ ಮಂಗಗಳನ್ನು ನಾನು ಐವತ್ತು ವರ್ಷದಿಂದ ಬಲ್ಲೆ. ಮಂಗ ಬಂದರೆ ಸೀರೆ ಸಮೇತ ಎಳೆದುಕೊಂಡು ಹೋಗುತ್ತದೆ. ಸಾಲಿನ ತುದಿಯಿಂದ ಒಂದೊಂದೇ ತೆಗೆದು, ಉಳಿದದ್ದನ್ನು ಸರಿಸಿ, ಮತ್ತೆ ಸಾಲು ನೆಟ್ಟಗೆ ಮಾಡಿ ಹೋಗುವ ಮಂಗವನ್ನು ನಾನಂತೂ ಕಂಡಿಲ್ಲ. ಮೂವತ್ತೈದು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು ಮಾತ್ರ ಹಾಗೆ ಮಾಡುತ್ತಾರೆ.

ನಮ್ಮವರು ಮಲ್ಲಂದೂರಿನ ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದರು. ಬೆಳಗ್ಗೆ ಆಳುಗಳ ಹಾಜರಿ ಕೂಗುವುದು, ಪುಸ್ತಕ ಬರೆಯುವುದು, ಲೈನ್ ಮನೆಗಳಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ಬಂದ ಕಾಗದ ಹಂಚುವುದು. ಅವರ ಬದುಕಿನಲ್ಲಿ ಯಾವುದೂ ಡೊಂಕಾಗಿ ನಿಂತದ್ದಿಲ್ಲ, ಕದ್ದ ಮೇಲೆ ಉಳಿದ ಸಂಡಿಗೆಯೂ ಕೂಡ.

ಹಾಗಾಗಿ ಒಂದು ಕ್ಯಾಮೆರಾ ಬೇಕು ಎಂದು ಮಗನಿಗೆ ಹೇಳಿದೆ. ಕೋಳಿಗೂಡಿಗೆ ಎಂದೆ. ಅವನು ಜೀಪು ಓಡಿಸುತ್ತಾನೆ. ಮೂಡಿಗೆರೆಯಿಂದ ಬರುವಾಗ ಅಂಗೈಯಗಲದ ಬಿಳೀ ಕ್ಯಾಮೆರಾ ತಂದು ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿ, ವೈರನ್ನು ಬಚ್ಚಲು ಮನೆಯ ಪ್ಲಗ್ಗಿಗೆ ಎಳೆದುಕೊಟ್ಟ. "ಕೋಳಿಗೂಡು ಆ ಕಡೆ ಇದ್ಯಲ್ಲಮ್ಮ" ಎಂದ. "ಕೋಳಿಗಳು ಮೇಯಕ್ಕೆ ಈ ಕಡೆ ಬರ್ತವೆ" ಎಂದೆ. ಈ ಕಥೆಯಲ್ಲಿ ಅವನಿಗೆ ಇನ್ನು ಕೆಲಸವಿಲ್ಲ.

ಈಗ ಸೊಸೆಯ ವಿಷಯ. ಅವಳು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ, ಕಾಫಿ ಬೀಜ ಹದಮಾಡುವ ಕಾರ್ಖಾನೆಯಲ್ಲಿ, ರುಚಿ ನೋಡುವ ಕೆಲಸದಲ್ಲಿದ್ದಳು. ಚಮಚದಲ್ಲಿ ಕಾಫಿ ಎತ್ತಿ, ಸೊರ್ರ್ ಎಂದು ಹೀರಿ, ಉಗಿದು, ಬರೆದಿಡುವ ಕೆಲಸ. ನಾವು ಹೆಣ್ಣು ನೋಡಲು ಹೋದಾಗ ಅಭ್ಯಾಸಬಲದಿಂದ ನಮ್ಮೆದುರೇ ಹಾಗೆ ಹೀರಿದಳು. ನಮ್ಮವರ ಕೈಯಲ್ಲಿದ್ದ ಲೋಟ ಬಿದ್ದೇ ಹೋಯಿತು. ನನಗೆ ಮಾತ್ರ ಆ ಕ್ಷಣವೇ ಹುಡುಗಿ ಹಿಡಿಸಿದಳು.

ಕಳೆದ ವರ್ಷ ಅವಳು ಆ ಕೆಲಸ ಬಿಟ್ಟು, ಕಳಸದ ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆಯಲ್ಲಿ ಪರೀಕ್ಷೆಯ ಅಂಗಡಿ ತೆರೆದಳು. ಬೆಳೆಗಾರರು ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, ಒಂದೊಂದು ಬೊಗಸೆ ತರುತ್ತಾರೆ. ತೇವ ಎಷ್ಟಿದೆ, ತೂಕ ಎಷ್ಟು, ಕಾಳು ಎಂಥದ್ದು, ಕುದಿಸಿದರೆ ರುಚಿ ಹೇಗೆ ಎಂದು ಅವಳು ಬರೆದುಕೊಡುತ್ತಾಳೆ. ಬಂದವರ ಹೆಸರನ್ನು ಫೋನಿನಲ್ಲಿ ಟೈಪ್ ಮಾಡುವುದು ನನ್ನ ಕೆಲಸ. ಟೈಪ್ ಕಲಿಸಿದ್ದೂ ಅವಳೇ. ಮೊದಮೊದಲು ಒಂದು ಹೆಸರು ಮುಗಿಸುವಷ್ಟರಲ್ಲಿ ಬಂದವರು ಎಲೆ ಅಡಿಕೆ ಹಾಕಿ, ಉಗಿದು, ಇನ್ನೊಮ್ಮೆ ಹಾಕುತ್ತಿದ್ದರು. ಈಗ ಅಷ್ಟಿಲ್ಲ.

ಮಂಗಳೂರಿನ ಒಂದು ಕಂಪನಿ, ಹೊರದೇಶಕ್ಕೆ ಕಾಫಿ ಕಳಿಸುವವರು, ಈ ಭಾಗಕ್ಕೆ ಒಂದೇ ಒಂದು ಪರೀಕ್ಷಾ ಕೇಂದ್ರವನ್ನು ಒಪ್ಪಿಕೊಳ್ಳುವವರಿದ್ದರು. ಸೊಸೆ ಅರ್ಜಿ ಹಾಕಿದ್ದಳು. ಬಾಳೂರಿನ ಕಡೆಯವನೊಬ್ಬನೂ ಹಾಕಿದ್ದ. ಸಿಕ್ಕೇ ಸಿಗುತ್ತದೆಂದು ಬೋರ್ಡು ಕೂಡ ಬರೆಸಿಟ್ಟಿದ್ದನಂತೆ. ಕಂಪನಿಯ ಷರತ್ತು ಒಂದೇ. ಅಂಗಡಿಯ ಐದು ಯಂತ್ರಗಳಿಗೂ ಇಂಟರ್ನೆಟ್ಟಿನಲ್ಲಿ ತಮ್ಮತಮ್ಮದೇ ಕಾಯಂ ವಿಳಾಸ ಇರಬೇಕು. ಅವರು ಮಂಗಳೂರಿನಲ್ಲಿ ಕೂತು ನೇರವಾಗಿ ಯಂತ್ರದೊಳಗೇ ಇಣುಕಿ ನೋಡುತ್ತಾರೆ, ನಡುವೆ ಯಾರೂ ಅಂಕಿ ತಿದ್ದಬಾರದು. ಶನಿವಾರ ಹನ್ನೊಂದು ಗಂಟೆಗೆ ತಪಾಸಣೆ. ಐದರಲ್ಲಿ ಒಂದು ಕಾಣದಿದ್ದರೂ ಬಾಳೂರಿನ ಬೋರ್ಡು ಮೇಲೇರುತ್ತದೆ.

"ಆಗ್ಲಿಲ್ಲ ಅಂದ್ರೆ ಅಂಗಡಿ ಬಾಗ್ಲು ಹಾಕಿ ವಾಪಸ್ ಪೇಟೆ ಕೆಲ್ಸಕ್ಕೆ ಹೋಗಾದೇ ಅತ್ತೆ. ವಾರಕ್ಕೊಂದಿನ ಬರ್ತೀನಿ" ಎಂದಳು ಸೊಸೆ, ಯಂತ್ರ ಒರೆಸುತ್ತ. ಅವಳು ಹೋದರೆ ನನ್ನ ಟೈಪಿಂಗೂ ಹೋಯಿತು. ಮನೆಯಲ್ಲಿ ಸೊರ್ರ್ ಎಂಬ ಸದ್ದೂ ಹೋಯಿತು.

ಬುಧವಾರ ಬ್ರಾಡ್‌ಬ್ಯಾಂಡಿನವರು ಬಂದರು. ಅರವತ್ತರ ಹತ್ತಿರದ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲು ಕುದುರೆಮುಖದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರಂತೆ. ಗಣಿ ನಿಂತು ಊರು ಖಾಲಿಯಾದ ಮೇಲೆ ಈ ಕೆಲಸಕ್ಕೆ ಬಂದರಂತೆ.

"ಅಲ್ಲಿ ಯಾವ ಕ್ವಾರ್ಟರ್ಸಿಗೆ ಯಾವ ನಂಬರ್ ಅಂತ ಇವತ್ತಿಗೂ ಬಾಯಲ್ಲೇ ಇದೆ ಅಮ್ಮ. ನಂಬರಿದೆ, ಎತ್ತೋರಿಲ್ಲ" ಎಂದರು. ನಾನು ಕಾಫಿ ಕೊಟ್ಟೆ. ಸೊಸೆ ಅವರು ಕಾಫಿ ಕುಡಿಯುವ ರೀತಿಯನ್ನು ಗಮನಿಸಿ ನೋಡಿದಳು. ಅದು ಅವಳ ಕಸುಬು.

ಅವರು ರೂಟರ್ ಪೆಟ್ಟಿಗೆ ತೆಗೆದು ನೆಲದ ಮೇಲಿಟ್ಟು, ಲ್ಯಾಪ್‌ಟಾಪ್ ಬಿಚ್ಚಿ ಹೇಳಿದರು. "ನಿಮಗೆ ಎಂಟು ಅಡ್ರೆಸ್ಸಿನ ಒಂದು ಗುಂಪು ಕೊಟ್ಟಿದಾರೆ. ಕೊನೇ ಅಂಕಿ ಎಂಬತ್ತರಿಂದ ಎಂಬತ್ತೇಳರ ತನಕ. ಅದ್ರಲ್ಲಿ ನೀವು ಬಳಸ್ಬೋದಾದ್ದು ಐದು."

ನಮ್ಮವರು ಕುರ್ಚಿಯಲ್ಲಿ ನೆಟ್ಟಗಾದರು. ಹಳೇ ರೈಟರ್ ಎದ್ದು ಕೂತ ಲಕ್ಷಣ ಅದು.

"ಮೂರು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಸಾರ್. ಇದಾವೆ. ಬಳಸೋ ಹಂಗಿಲ್ಲ."

"ಇದಾವೆ, ಬಳಸೋ ಹಂಗಿಲ್ಲ." ನಮ್ಮವರು ನನ್ನ ಕಡೆ ತಿರುಗಿದರು. "ಕೇಳಿದ್ಯಾ ಮಾರಾಯ್ತಿ? ನಮ್ಮ ಕೆಳಗಿನ ತೋಟದ ಮೇಸ್ತ್ರಿ ಹಿಂಗೇ ಹೇಳ್ತಿದ್ದ. ಹಾಜರಿಯಲ್ಲಿ ಎಂಟಾಳು, ಗಿಡದ ಬುಡದಲ್ಲಿ ಐದಾಳು. ಉಳ್ದ ಮೂರು ಎಲ್ಲೋ ಅಂದ್ರೆ, ಇದಾರೆ ಸಾರ್, ಕಾಣೋ ಹಂಗಿಲ್ಲ!"

"ಸಾರ್, ನಾನು ಮೇಸ್ತ್ರಿ ಅಲ್ಲ..."

"ಅವ್ನೂ ಹಿಂಗೇ ಕನ್ನಡಕ ಹಾಕ್ತಿದ್ದ."

ಸೊಸೆ ತಲೆ ಮೇಲೆ ಕೈ ಹೊತ್ತು ಕೂತಳು. ಆ ಮನುಷ್ಯ ಪಾಪ, ಮೊದಲನೆಯದು ಇಡೀ ಗುಂಪಿನ ಹೆಸರು, ಕಡೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೆ, ಇನ್ನೊಂದು ಈ ರೂಟರಿಗೇ ಬೇಕು ಎಂದು ಮೂರು ಸಲ ಬಿಡಿಸಿ ಹೇಳಿದರು. ನಮ್ಮವರು ಮೂರು ಸಲವೂ "ಕಾಣೋ ಹಂಗಿಲ್ಲ" ಎಂದರು.

ನನಗೆ ಮೊದಲ ಸಲಕ್ಕೇ ತಿಳಿದಿತ್ತು. ಆದರೂ ಇಬ್ಬರು ಗಂಡಸರು ಸುಸ್ತಾಗಲಿ ಎಂದು ಕಾದೆ.

"ಅಲ್ಲಾ ರೀ, ನಮ್ಮ ಕೆಳಗಿನ ಲೈನಲ್ಲಿ ಎಷ್ಟು ಬಾಗ್ಲಿತ್ತು?" ಎಂದೆ.

"ಎಂಟು."

"ಎಷ್ಟು ಸಂಸಾರ ಇಡೋ ಲೆಕ್ಕ?"

"ಐದು."

"ಮತ್ತೆ ಮೂರು ನೀವು ತಿಂದ್ರಾ?"

ಆ ಲೈನು ಹೀಗಿತ್ತು. ಮೊದಲನೇ ಬಾಗಿಲಿನ ಮೇಲೆ 'ಕೆಳಗಿನ ಲೈನು' ಎಂದು ಬಿಳೀ ಬಣ್ಣದಲ್ಲಿ ಬರೆದಿತ್ತು. ಒಳಗೆ ಗುದ್ದಲಿ, ಮಂಕರಿ. ಅಲ್ಲಿ ಯಾರೂ ಇರುತ್ತಿರಲಿಲ್ಲ, ಅದಕ್ಕೆ ನಂಬರೂ ಇರಲಿಲ್ಲ; ಅದು ಇಡೀ ಲೈನಿನ ಹೆಸರು. ಕಡೇ ಬಾಗಿಲಿನ ಸೂರಿಗೆ ರೈಲು ಕಂಬಿಯ ತುಂಡು ನೇತಾಡುತ್ತಿತ್ತು. ಅದಕ್ಕೆ ಬಡಿದರೆ ಇಡೀ ಲೈನು ಹೊರಗೆ ಬರಬೇಕು. ಅಲ್ಲಿ ನಿಂತು ಹೇಳಿದ ಮಾತು ಎಲ್ಲರಿಗೂ ಹೇಳಿದ ಹಾಗೆ. ಎರಡನೇ ಬಾಗಿಲು ನಮ್ಮವರ ಆಫೀಸು, ಒಂದನೇ ನಂಬರು ಶುರುವಾಗುವುದು ಅಲ್ಲಿಂದ. ಯಾರಿಗೇ ಕಾಗದ ಬರಲಿ, ಮೊದಲು ಅಲ್ಲಿಗೆ ಬಂದು, ಅಲ್ಲಿಂದ ನಂಬರು ನೋಡಿ ಹಂಚಬೇಕು.

"ಎಂಬತ್ತು ಬೋರ್ಡು. ಎಂಬತ್ತೇಳು ಕಂಬಿ. ಎಂಬತ್ತೊಂದು ರೈಟರ್ ಆಫೀಸು" ಎಂದೆ. "ಉಳ್ದ ಐದ್ರಲ್ಲಿ ಸಂಸಾರ."

ಆ ಮನುಷ್ಯ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಮ್ಮ, ಎಷ್ಟೋ ವರ್ಷದಿಂದ ಇದನ್ನ ಜನಕ್ಕೆ ಹೇಳಕ್ಕಾಗ್ದೆ ಒದ್ದಾಡ್ತಿದೀನಿ."

ನಮ್ಮವರ ಮುಖವೇ ಬದಲಾಯಿತು. "ಅಂದ್ರೆ ಈ ಪೆಟ್ಟಿಗೆ ರೈಟರಾ?"

"ಒಂಥರಾ ಹಂಗೇ ಸಾರ್."

ನಮ್ಮವರು ಎದ್ದು ಹೋಗಿ ರೂಟರನ್ನು ನೆಲದಿಂದ ಎತ್ತಿ, ಪಂಚೆಯ ತುದಿಯಿಂದ ಒರೆಸಿ, ತಮ್ಮ ಹಳೇ ಮೇಜಿನ ಮೇಲೆ ಇಟ್ಟರು. ಕೆಳಗೆ ಒಂದು ಕರವಸ್ತ್ರವನ್ನೂ ಹಾಸಿದರು. "ನೆಲದ ಮೇಲೆ ಕೂರ್ಸಿ ಕೆಲ್ಸ ಮಾಡ್ಸಬಾರ್ದು" ಎಂದರು. ಬೇರೆ ಯಾರಿಗೂ ಅಲ್ಲ, ಪೆಟ್ಟಿಗೆಗೇ ಹೇಳಿದ ಹಾಗಿತ್ತು.

ಆಮೇಲೆ ಕೆಲಸ ಸರಾಗವಾಯಿತು. ಎಂಬತ್ತೆರಡು ತಕ್ಕಡಿ. ಎಂಬತ್ಮೂರು ಕಾಳು ಜರಡಿ ಹಿಡಿಯುವ ಯಂತ್ರ. ಎಂಬತ್ತನಾಲ್ಕು ತೇವ ಅಳೆಯುವ ಯಂತ್ರ. ಎಂಬತ್ತೈದು ರುಚಿ ನೋಡುವ ಮೇಜಿನ ಮೇಲಿನ ಕ್ಯಾಮೆರಾ. ಎಂಬತ್ತಾರು ಕಂಪ್ಯೂಟರು. ನಮ್ಮವರು ಹಾಜರಿ ಪುಸ್ತಕದ ಅಕ್ಷರದಲ್ಲಿ ಐದು ಚೀಟಿ ಬರೆದು ಐದಕ್ಕೂ ಅಂಟಿಸಿದರು. ನಾನು ಎಲ್ಲವನ್ನೂ ನನ್ನ ಫೋನಿನಲ್ಲಿ ಟೈಪ್ ಮಾಡಿಕೊಂಡೆ. ಕಲಿತ ವಿದ್ಯೆ.

ಕಂಪನಿಯವರು ಸೊಸೆಯ ಫೋನಿಗೆ ಐದು ಚುಕ್ಕಿ ಇರುವ ಒಂದು ಆಪ್ ಕಳಿಸಿದ್ದರು. ಯಂತ್ರ ಮಾತಾಡಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಐದೂ ಹಸಿರಾದವು.

"ಈ ಐದು ಬಿಟ್ಟು ಬೇರೆ ಎಂಥದ್ದನ್ನೂ ಈ ನಂಬರಿಗೆ ಸೇರಿಸ್ಬೇಡಿ" ಎಂದು ಹೇಳಿ ಅವರು ಬೈಕು ಹತ್ತಿದರು. ನಾನೇ ಗೇಟಿನ ತನಕ ಹೋಗಿ "ಛೇ, ಯಾರು ಸೇರಿಸ್ತಾರೆ" ಎಂದು ಕಳಿಸಿಕೊಟ್ಟೆ.

ಮರುದಿನ, ಗುರುವಾರ, ನನ್ನ ಕ್ಯಾಮೆರಾವನ್ನು ಫೋನಿಗೆ ಕೂಡಿಸಲು ಕೂತೆ. ವಿಳಾಸವನ್ನು ತಾನಾಗಿ ಹುಡುಕಿಕೊಳ್ಳಲೇ, ನೀವೇ ಕೊಡುತ್ತೀರಾ ಎಂದು ಅದು ಕೇಳಿತು. ತಾನಾಗಿ ಹುಡುಕಿಕೊಳ್ಳಲು ಬಿಟ್ಟರೆ ಎಲ್ಲಿ ಹೋಗಿ ಕೂರುತ್ತದೋ. ನಾನೇ ಕೊಡುತ್ತೇನೆ ಎಂದೆ. ಕೊಡುವುದು ಯಾವುದನ್ನು? ಐದೂ ಬಾಗಿಲಿನಲ್ಲಿ ಸಂಸಾರ ಕೂತಾಗಿತ್ತು.

ಆಗ ನೆನಪಾಯಿತು, ಕೆಳಗಿನ ಲೈನಿನ ನಾಲ್ಕನೇ ನಂಬರಿನ ಬಾಗಿಲು. ಲೆಕ್ಕಕ್ಕೆ ಅಲ್ಲಿ ಒಂದೇ ಸಂಸಾರ, ಇದ್ದದ್ದು ಎರಡು. ಒಬ್ಬನಿಗೆ ಹಗಲು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಲ್ಲಿ ಕೆಲಸ, ಇನ್ನೊಬ್ಬ ರಾತ್ರಿ ಕಾವಲಿನವನು. ಇವನು ಬರುವಾಗ ಅವನು ಹೋಗುತ್ತಿದ್ದ. ಹೆಂಗಸರಿಬ್ಬರೂ ಒಂದೇ ಒಲೆಯಲ್ಲಿ ಪಾಳಿ ಮೇಲೆ ಬೇಯಿಸುತ್ತಿದ್ದರು. ಇಬ್ಬರಿಗೂ ನಾಲ್ಕನೇ ನಂಬರಿಗೇ ಕಾಗದ ಬರುತ್ತಿತ್ತು, ಒಂದು ಸಲವೂ ತಪ್ಪಿಲ್ಲ. ತೇವದ ಯಂತ್ರವೋ, ಒಂದು ಮಾದರಿಗೆ ಮೂರು ನಿಮಿಷ ಕೆಲಸ ಮಾಡಿ ಉಳಿದ ಹೊತ್ತೆಲ್ಲ ಸುಮ್ಮನೆ ಕೂರುತ್ತದೆ. ನನ್ನ ಕ್ಯಾಮೆರಾಕ್ಕೆ ಅಲ್ಲೇ ಒಂದು ಮೂಲೆ ಕೊಟ್ಟರೆ ಯಾರಿಗೆ ನಷ್ಟ?

ಒಂದೇ ಬೆರಳಿನಲ್ಲಿ, ಚುಕ್ಕಿ ಸಮೇತ, ಎಂಬತ್ತನಾಲ್ಕರ ವಿಳಾಸ ಒತ್ತಿದೆ. ಪಾಸ್‌ವರ್ಡ್ ಕೇಳಿದ ಜಾಗವನ್ನು ಖಾಲಿ ಬಿಟ್ಟೆ. ನನಗೇ ಮರೆತುಹೋಗುವಂಥದ್ದನ್ನು ಇಟ್ಟು ಏನು ಪ್ರಯೋಜನ. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ನನ್ನ ಅಂಗೈಯಲ್ಲಿ ಕಣ ಬಂತು. ಸೀರೆ ಬಂತು. ಸಂಡಿಗೆ ಬಂತು. ನಾಲ್ಕು ಸಾಲು, ಸಾಲಿಗೆ ಹನ್ನೆರಡು. ಅಡುಗೆಮನೆಯಲ್ಲಿ ನಿಂತು ನಾನೊಬ್ಬಳೇ ಕುಣಿದೆ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಸೊಸೆ ಕೂಗಿದಳು. "ಅತ್ತೆ, ತೇವದ್ದು ಕೆಂಪಾಯ್ತು!"

ಕೆಂಪಾಯಿತು, ಹಸಿರಾಯಿತು, ಮತ್ತೆ ಕೆಂಪಾಯಿತು. ಸೊಸೆ ಪ್ಲಗ್ಗು ಕಿತ್ತು ಹಾಕಿದಳು. ನಮ್ಮವರು ವೈರನ್ನು ತುದಿಯಿಂದ ತುದಿಯವರೆಗೆ ಬೆರಳಲ್ಲಿ ಸವರಿ, ಇಲಿ ಕಡಿದ ಗುರುತು ಹುಡುಕಿದರು. ಆಮೇಲೆ ರೂಟರಿನ ಮುಂದೆ ಬಗ್ಗಿ, "ಎಂಥದು ಮಾರಾಯ, ನಾಲ್ಕನೇ ನಂಬರಲ್ಲೇ ಯಾಕೆ ಎಡವ್ತೀಯ?" ಎಂದು ಮೆಲ್ಲಗೆ ವಿಚಾರಿಸಿದರು. ನಾನೂ ಪ್ರಾಮಾಣಿಕವಾಗಿ ಮರುಗಿದೆ. ನನ್ನ ಸಂಡಿಗೆಯೂ ಫೋನಿನಲ್ಲಿ ಬಂದು ಬಂದು ಹೋಗುತ್ತಿತ್ತು. ಒಟ್ಟಾರೆ ಈ ಇಂಟರ್ನೆಟ್ಟೇ ಸರಿಯಿಲ್ಲ ಎಂದುಕೊಂಡೆ.

ಶುಕ್ರವಾರ ಸೊಸೆ ಊಟ ಮಾಡಲಿಲ್ಲ. ಮಧ್ಯಾಹ್ನ ಬ್ರಾಡ್‌ಬ್ಯಾಂಡಿನವರು ಮತ್ತೆ ಬಂದು, ವೈರು ಬದಲಿಸಿ, ತಲೆ ಕೆರೆದುಕೊಂಡರು.

"ಕುದುರೆಮುಖದಲ್ಲಿ ಹಿಂಗಾದ್ರೆ ಒಂದೇ ನಂಬರಿಗೆ ಕಳ್ತನದಲ್ಲಿ ಎರಡು ಫೋನ್ ಎಳ್ಕೊಂಡಿದಾರೆ ಅಂತ ಅರ್ಥ. ಇಲ್ಲಿ ಯಾರು ಎಳೀತಾರೆ?"

"ಒಂದು ನಂಬರಲ್ಲಿ ಇಬ್ರಿದ್ರೆ ಏನು ತಪ್ಪು? ನಮ್ಮ ಲೈನಲ್ಲಿ ಇದ್ರಲ್ಲ" ಎಂದೆ, ಬೇರೆ ಯಾರದೋ ವಿಷಯ ಕೇಳುವ ಹಾಗೆ.

ಅವರು ನಕ್ಕರು. "ಅಲ್ಲಿ ರೈಟರಿಗೆ ಮುಖ ಗೊತ್ತಿತ್ತಮ್ಮ. ಈ ಪೆಟ್ಟಿಗೆಗೆ ಮುಖ ಗೊತ್ತಾಗಲ್ಲ. ಎಂಬತ್ತನಾಲ್ಕು ಯಾರು ಅಂತ ಕೂಗುತ್ತೆ, ಯಾರು ನಾನು ಅಂದ್ರೋ ಅವರ ಕೈಗೆ ಕಾಗದ. ಇಬ್ರೂ ನಾನು ನಾನು ಅಂದ್ರೆ ಆಯ್ತು, ಇಬ್ರೂ ಕೆಟ್ರು."

ನಾನು ಬಚ್ಚಲು ಮನೆಗೆ ಹೋಗಿ ಪ್ಲಗ್ಗು ಕಿತ್ತೆ. ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ಸೊಸೆಯ ಕೂಗು ಬಂತು, "ಹಸಿರಾಯ್ತು! ಹಸಿರಾಗೇ ಇದೆ!" ಅವಳ ಕಣ್ಣಲ್ಲಿ ನೀರು. ಹೊಸ ವೈರಿನ ಪ್ರತಾಪವೆಂದು ಬ್ರಾಡ್‌ಬ್ಯಾಂಡಿನವರು ಎದೆಯುಬ್ಬಿಸಿ ಹೊರಟರು. ನಾನು ಬಾಯಿ ಬಿಡಲಿಲ್ಲ. ಅಷ್ಟಕ್ಕೇ ಮುಗಿಸಿದ್ದರೆ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಆದರೆ ಶನಿವಾರ ಬೆಳಗ್ಗೆ ಸಂಡಿಗೆ ಹರವಿ ಬರುವಾಗ ನಮ್ಮವರು ಜಗುಲಿಯಲ್ಲಿ ಹಲ್ಲು ಚುಚ್ಚುತ್ತ ಕೂತಿದ್ದರು. ಎರಡು ದಿನ ಚೀಟಿ, ವೈರು ಎಂದು ಓಡಾಡಿ ಅವರಿಗೆ ಕಣದ ಕಡೆ ಹೋಗಲು ಪುರಸೊತ್ತೇ ಆಗಿರಲಿಲ್ಲ. ಇವತ್ತು ಬಿಡುವಿತ್ತು. ಹಸಿವೂ ಇತ್ತೆಂದು ಮುಖವೇ ಹೇಳುತ್ತಿತ್ತು. ತಪಾಸಣೆ ಹನ್ನೊಂದಕ್ಕೆ. ಹತ್ತೂಮುಕ್ಕಾಲಿಗೆ ಪ್ಲಗ್ಗು ಕಿತ್ತರೆ ಧಾರಾಳವಾಯಿತು. ಹೋಗಿ ಹಾಕಿದೆ.

ಹತ್ತೂವರೆ ದಾಟಿದ ಮೇಲೆ ನಮ್ಮವರು ತಲೆಗೆ ಟವೆಲು ಸುತ್ತಿ ಎದ್ದರು. "ಮಂಗ ಬರ್ತವೆ. ಕಣ ನೋಡ್ಕೊಂಡು ಬರ್ತೀನಿ" ಎಂದು ಹಿಂದಿನ ಬಾಗಿಲಿಂದ ಹೋದರು. ನಾನು ಅಂಗಡಿಯ ಕೌಂಟರಿನಲ್ಲಿ, ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದು ಕೂತೆ. ಅದೇ ಹೊತ್ತಿಗೆ ಸೊಸೆಯ ಫೋನು ಬಡಿದುಕೊಂಡಿತು. ಮಂಗಳೂರಿನ ಕಂಪನಿಯ ಮೇಡಂ. ಸೊಸೆ ಸ್ಪೀಕರಿಗೆ ಹಾಕಿದಳು.

"ಹನ್ನೊಂದಕ್ಕೆ ನನಗೆ ಬೇರೆ ಮೀಟಿಂಗ್ ಉಂಟು. ಈಗಲೇ ನೋಡಿಬಿಡ್ತೇನೆ, ಆಗಬಹುದಲ್ಲ?"

"ಆಗ್ಬೋದು ಮೇಡಂ" ಎಂದಳು ಸೊಸೆ. ಎಲ್ಲ ಚುಕ್ಕಿಯೂ ಆ ಕ್ಷಣ ಹಸಿರೇ ಇದ್ದವು.

ನಾನು ಏಳಬೇಕಿತ್ತು. ಬಚ್ಚಲು ಮನೆಗೆ ಇಪ್ಪತ್ತು ಹೆಜ್ಜೆ. ಆದರೆ ನನ್ನ ಫೋನಿನಲ್ಲಿ ನಮ್ಮವರು ಸೀರೆಯ ಪಕ್ಕ ಬಂದು ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮೆಲ್ಲಗೆ ಬಗ್ಗಲು ಶುರುಮಾಡಿದ್ದರು. ಮಂಡಿ ನೋವಿನವರು, ಬಗ್ಗಲು ಹೊತ್ತು ಹಿಡಿಯುತ್ತದೆ. ಎರಡು ವರ್ಷದ ಸಾಕ್ಷಿ ನನ್ನ ಅಂಗೈಯಲ್ಲಿ ಬಗ್ಗುತ್ತಿತ್ತು. ಇನ್ನು ಒಂದೇ ನಿಮಿಷ ಎಂದು ಕೂತೆ.

"ಎಂಬತ್ತೆರಡು, ತಕ್ಕಡಿ, ಸರಿ ಉಂಟು. ಎಂಬತ್ಮೂರು ಸರಿ ಉಂಟು. ಎಂಬತ್ತನಾಲ್ಕು ಕೆಂಪು ತೋರಿಸ್ತದೆ. ನಿಲ್ಲಿ, ನೇರವಾಗಿ ತೆರೆದು ನೋಡ್ತೇನೆ."

ಫೋನಿನಲ್ಲಿ ಟಕ್ ಟಕ್ ಎಂದು ಕೀಲಿ ಒತ್ತುವ ಸದ್ದು ಬಂತು.

"ಇದು ಎಂತ ಯಂತ್ರ?"

"ತೇವದ್ದು ಮೇಡಂ" ಎಂದಳು ಸೊಸೆ.

"ಯಂತ್ರ ಅಲ್ಲ ಇದು. ಇದು ಒಬ್ರು ಅಜ್ಜ."

"ಮೇಡಂ?"

"ತಲೆಗೆ ಟವೆಲು ಸುತ್ತಿದ್ದಾರೆ. ಸೀರೆ ಮೇಲಿಂದ ಎಂತದೋ ತೆಗ್ದು ಬಾಯಿಗೆ ಹಾಕ್ತಾ ಇದ್ದಾರೆ. ಒಂದು... ಎರಡು... ಅಯ್ಯೋ ದೇವರೇ, ಒಂದು ಮಂಗ ಬಂತು."

ಸೊಸೆ ನನ್ನನ್ನು ನೋಡಲಿಲ್ಲ, ಯಂತ್ರವನ್ನೇ ನೋಡುತ್ತಿದ್ದಳು, ಅದರೊಳಗೆ ಅಜ್ಜ ಎಲ್ಲಿದ್ದಾರೆ ಎಂಬಂತೆ.

"ಮಂಗಕ್ಕೂ ಒಂದು ಕೊಟ್ರು" ಎಂದಿತು ಫೋನು. "ಮತ್ತೆ ತಾವು ತಿಂದ್ರು. ಈಗ ಉಳಿದದ್ದನ್ನು ಸಾಲು ಸರಿ ಮಾಡ್ತಾ ಇದ್ದಾರೆ."

"ಸಿಕ್ಕಿಬಿದ್ರು!" ಎಂದು ನಾನು ಕೌಂಟರ್ ಕುಟ್ಟಿದೆ. ಆಮೇಲೆ ಸೊಸೆಯ ಮುಖ ಕಂಡಿತು.

ಅಂಥ ಮುಖವನ್ನು ನಾನು ಇನ್ನೊಮ್ಮೆ ನೋಡಲಾರೆ. ಸಿಟ್ಟು ಇನ್ನೂ ಬಂದಿರಲಿಲ್ಲ. ಬಾಗಿಲಿಗೆ ಬೀಗ ಹಾಕುತ್ತಿರುವವಳ ಮುಖ ಅದು. ಎದ್ದು ಓಡಿದೆ. ಈ ವಯಸ್ಸಿನಲ್ಲಿ ಓಡಿದ್ದು ಅದೇ ಕೊನೆ. ಕೈಗೆ ಸಿಕ್ಕ ಪ್ಲಗ್ಗನ್ನು ವೈರು ಸಮೇತ ಕಿತ್ತುಕೊಂಡೇ ವಾಪಸು ಬಂದೆ. ಅಷ್ಟರಲ್ಲಿ ಮೇಡಂ ದನಿ ಬೇರೆಯ ಥರ ಆಗಿತ್ತು.

"ಯಂತ್ರದ ಜಾಗದಲ್ಲಿ ಬೇರೆ ಎಂತದೋ ಕೂತಿದೆ ಅಂದ್ರೆ ನಡುವೆ ಯಾರೋ ಕೈ ಹಾಕಿದ್ದಾರೆ ಅಂತಾಯ್ತು. ಇದಕ್ಕೇ ಅಲ್ವ ನಾವು ಕಾಯಂ ವಿಳಾಸ ಕೇಳಿದ್ದು? ನಾನು ಹೇಗೆ ಒಪ್ಪಿಗೆ ಬರೆಯುವುದು?"

ನಾನು ಫೋನಿನ ಹತ್ತಿರ ಬಗ್ಗಿದೆ.

"ಮೇಡಂ, ಕೈ ಹಾಕಿದ್ದು ನಾನೇ. ಅವಳ ಅತ್ತೆ. ಅವಳಿಗೆ ಏನೂ ಗೊತ್ತಿಲ್ಲ."

ಎಲ್ಲವನ್ನೂ ಹೇಳಿದೆ. ರಕ್ತದೊತ್ತಡ, ಉಪ್ಪು, ಕೋಳಿಗೂಡಿನ ಸುಳ್ಳು, ಕೆಳಗಿನ ಲೈನಿನ ನಾಲ್ಕನೇ ನಂಬರು, ಪಲ್ಪರಿನವನು, ಕಾವಲಿನವನು. ನಿನ್ನೆಯೇ ತಿಳಿದಿತ್ತು, ಆದರೂ ಇವತ್ತು ಮತ್ತೆ ಹಾಕಿದೆ ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಸೊಸೆ ಮೊದಲ ಬಾರಿಗೆ ನನ್ನ ಕಡೆ ತಿರುಗಿದಳು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

"ಆ ಕ್ಯಾಮೆರಾ ಈಗ ಎಲ್ಲುಂಟು?"

"ಕಂಬದಲ್ಲಿದೆ. ಪ್ಲಗ್ಗು ನನ್ನ ಕೈಯಲ್ಲಿದೆ."

"ಅಜ್ಜ?"

"ಅವ್ರು ಕಣದಲ್ಲೇ ಇದಾರೆ. ಅವ್ರಿಗಿನ್ನೂ ಗೊತ್ತಿಲ್ಲ ಮೇಡಂ."

ಮಂಗಳೂರಿನಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ಆಮೇಲೆ ಮೇಡಂ ಹೇಳಿದರು, "ಹತ್ತು ನಿಮಿಷ ಕೊಡ್ತೇನೆ. ಐದೂ ಯಂತ್ರ ಹತ್ತು ನಿಮಿಷ ಬಿಡದೆ ಕಾಣಬೇಕು. ತೇವದ ಯಂತ್ರಕ್ಕೆ ಒಂದು ಮಾದರಿ ಹಾಕಿ; ನೀವು ಅಲ್ಲಿ ಓದಿದ ಅಂಕಿ ನನಗೆ ಇಲ್ಲಿ ಬರಬೇಕು. ಒಮ್ಮೆ ಕೆಂಪಾದರೂ ಮುಗೀತು."

ಸೊಸೆ ಮಲ್ಲಂದೂರಿನ ಬೆಳೆಗಾರರೊಬ್ಬರ ಪಾರ್ಚ್‌ಮೆಂಟನ್ನು ಬೊಗಸೆ ತುಂಬ ತೆಗೆದು ಯಂತ್ರಕ್ಕೆ ಸುರಿದಳು. ನಾಲ್ಕು ಕಾಳು ಹೊರಗೆ ಉರುಳಿದವು. ಕೆಂಪು ಚುಕ್ಕಿ ಕೆಂಪಾಗಿಯೇ ಇತ್ತು. ನಾನು ಪ್ಲಗ್ಗನ್ನು ಎದೆಗೆ ಒತ್ತಿಕೊಂಡು, ಕಾವಲಿನವನು ಮನೆ ಖಾಲಿ ಮಾಡಿ ಹೋದನಪ್ಪ, ಇನ್ನು ಪಲ್ಪರಿನವನಿಗೇ ಕಾಗದ ಕೊಡು ಎಂದು ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಬೇಡಿಕೊಂಡೆ.

ಹಸಿರಾಯಿತು.

"ಹತ್ತೂವರೆ" ಎಂದಳು ಸೊಸೆ, ಯಂತ್ರ ನೋಡಿ. ಗಂಟೆಯಲ್ಲ, ತೇವ.

"ಹತ್ತೂವರೆ" ಎಂದರು ಮೇಡಂ, ಮಂಗಳೂರಿನಲ್ಲಿ. "ಬಂತು. ಈಗ ನಿಮಿಷ ಎಣಿಸುವ."

ಆರನೇ ನಿಮಿಷವೋ ಏಳನೆಯದೋ ಇರಬೇಕು, ನಮ್ಮವರು ಹಿಂದಿನ ಬಾಗಿಲಿಂದ ಒಳಗೆ ಬಂದರು. ಮೀಸೆಯ ಮೇಲೆ ಬಿಳೀ ಚೂರು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತದ್ದು ತಮ್ಮ ಮೇಲಿನ ಗೌರವದಿಂದ ಎಂದುಕೊಂಡರೇನೋ, ಟವೆಲು ಕೊಡವಿ ನಿಟ್ಟುಸಿರಿಟ್ಟರು.

"ಮಂಗ ಬಂದಿದ್ವು ಮಾರಾಯ್ತಿ. ಎಷ್ಟು ಓಡ್ಸಿದ್ರೂ ಕೇಳ್ಲಿಲ್ಲ. ಏಳು ಸಂಡಿಗೆ ಹೋಯ್ತು ನೋಡು."

"ಮಂಗಕ್ಕೆ ಒಂದೇ, ಅಜ್ಜ" ಎಂದಿತು ಮೇಜಿನ ಕಡೆಯಿಂದ ಒಂದು ಹೆಣ್ಣು ದನಿ. "ಆರು ನಿಮಗೆ."

ನಮ್ಮವರು ನಿಂತಲ್ಲೇ ನಿಂತರು. ಸೊಸೆಯ ಫೋನು ಅವರಿಗೆ ಕಾಣಲಿಲ್ಲ. ಅದನ್ನು ಅವಳು ರೂಟರಿನ ಹಿಂಬದಿಗೆ ಒರಗಿಸಿಟ್ಟಿದ್ದಳು. ಅವರು ನೋಡಿದ್ದು ರೂಟರನ್ನು. ತಾವೇ ಒರೆಸಿ, ಕರವಸ್ತ್ರ ಹಾಸಿ ಕೂರಿಸಿದ ಪೆಟ್ಟಿಗೆ.

"ರೈಟರಾಗಿ..." ಎಂದರು ಅದಕ್ಕೆ, ತೀರ ನೊಂದ ದನಿಯಲ್ಲಿ. "ಒಬ್ಬ ರೈಟರ್ ಇನ್ನೊಬ್ಬ ರೈಟರ್ ಮೇಲೆ ಹೇಳೋದಾ?"

ಸೊಸೆಗೆ ತಡೆಯಲಾಗಲಿಲ್ಲ. ಅಳುವೋ ನಗುವೋ ತಿಳಿಯದ ಹಾಗೆ ಕೌಂಟರಿನ ಮೇಲೆ ತಲೆಯಿಟ್ಟಳು. ಮಂಗಳೂರಿನಲ್ಲಿ ಮೇಡಂ ನಗುವುದು ಚೆನ್ನಾಗಿಯೇ ಕೇಳಿಸಿತು. ನಗುತ್ತಲೇ ಹತ್ತು ನಿಮಿಷ ಎಣಿಸಿ ಮುಗಿಸಿದರು. ಐದೂ ಹಸಿರು.

ಒಪ್ಪಿಗೆಯ ಪತ್ರ ಮುಂದಿನ ವಾರ ಬಂತು. ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದರು: ಈ ಐದು ವಿಳಾಸಗಳಲ್ಲಿ ಆರನೆಯ ಸಾಧನ ಯಾವುದೂ, ಯಾವ ಕಾರಣಕ್ಕೂ, ಇರತಕ್ಕದ್ದಲ್ಲ. ಬಾಳೂರಿನವನು ತನ್ನ ಬೋರ್ಡನ್ನು ತಿರುಗಿಸಿ ಹಿಂಬದಿಯಲ್ಲಿ ಹೋಮ್‌ಸ್ಟೇ ಎಂದು ಬರೆಸಿದನಂತೆ.

ಸೊಸೆ ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಹೆಸರುಗಳನ್ನು ತಾನೇ ಟೈಪ್ ಮಾಡಿಕೊಂಡಳು. ಮೂರನೇ ದಿನ ಬೆಳಗ್ಗೆ ಬೆಳೆಗಾರರು ಐದಾರು ಮಂದಿ ಒಟ್ಟಿಗೆ ಬಂದಾಗ, ನನ್ನ ಕಡೆ ನೋಡದೆಯೇ ಫೋನನ್ನು ಕೌಂಟರಿನ ಮೇಲೆ ಜಾರಿಸಿ, "ಅತ್ತೆ, ಹೆಸ್ರು" ಎಂದಳು. ಆ ದಿನ ಒಂದು ತಪ್ಪೂ ಇಲ್ಲದೆ ಒತ್ತಿದೆ.

ಕ್ಯಾಮೆರಾಕ್ಕೆ ಬ್ರಾಡ್‌ಬ್ಯಾಂಡಿನವರೇ ಬಂದು ಬೇರೆ ನಂಬರು ಕೊಟ್ಟರು. ಅದು ಒಳಗಿನ ನಂಬರಂತೆ, ಮನೆಯವರು ಮಾತ್ರ ಕರೆಯುವ ಹೆಸರಿನ ಹಾಗೆ, ಹೊರಗಿನವರಿಗೆ ಕಾಣುವುದಿಲ್ಲ. ಪಾಸ್‌ವರ್ಡ್ ಖಾಲಿ ಇತ್ತೆಂದು ತಿಳಿದಾಗ ಅವರು ಕನ್ನಡಕ ತೆಗೆದು, "ಅಮ್ಮ, ಇಡೀ ಪ್ರಪಂಚ ಬಂದು ನಿಮ್ಮ ಸಂಡಿಗೆ ನೋಡ್ಬೋದಿತ್ತು" ಎಂದರು. ನೋಡಿದ್ದರೆ ಸಂತೋಷವೇ, ಆ ಸಲದ್ದು ಬೆಳ್ಳಗೆ ಚೆನ್ನಾಗಿ ಬಂದಿತ್ತು.

ನಮ್ಮವರು ಈಗ ಕಣಕ್ಕೆ ಹೋದರೆ ಮೊದಲು ತಲೆಯ ಟವೆಲು ಬಿಚ್ಚಿ ಕ್ಯಾಮೆರಾದ ಮೇಲೆ ಹಾಕುತ್ತಾರೆ. ನನ್ನ ಫೋನು ಕಪ್ಪಾಗುತ್ತದೆ. ಕಪ್ಪಾದ ಕೂಡಲೇ ನಾನು ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಉಪ್ಪು ಕಡಿಮೆ ಹಾಕಿದ ಒಂದು ಸಾಲನ್ನು ಬೇರೆಯಾಗಿ ಇಡಲು ಶುರುಮಾಡಿದ್ದೇನೆ. ಅದನ್ನು ಅವರು ಮಂಗಕ್ಕೆ ಕೊಡುತ್ತಾರೆ.

ತೇವದ ಯಂತ್ರದ ಮೇಲಿನ ಚೀಟಿಯನ್ನು ಸೊಸೆ ಹೊಸದಾಗಿ ಬರೆಸಿದ್ದಾಳೆ. ಹಾಜರಿ ಪುಸ್ತಕದ ದುಂಡಗಿನ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, 'ಎಂಬತ್ತನಾಲ್ಕು. ಒಂದೇ ಸಂಸಾರ' ಎಂದಿದೆ. ಕೆಳಗೆ ಹಳೇ ಅಭ್ಯಾಸದ ಪ್ರಕಾರ ನಮ್ಮವರ ಸಹಿ.